ದಕ್ಷಿಣ ಲಾಂಗ್‌ಫರ್ಡ್: ಅಳಿದ ಮತಕ್ಷೇತ್ರದ ಚರಿತ್ರೆಯನ್ನು ನಾನು ಬರೆದ ಬಗೆ

ಐರ್ಲೆಂಡಿನ ನಡುಭಾಗದಲ್ಲಿರುವ ಲಾಂಗ್‌ಫರ್ಡ್ ಕೌಂಟಿಯ ದಕ್ಷಿಣಾರ್ಧವು 1885ರಿಂದ 1918ರವರೆಗೆ ಲಂಡನ್ನಿನ ಸಂಸತ್ತಿಗೆ ಒಬ್ಬ ಸದಸ್ಯನನ್ನು ಕಳುಹಿಸುತ್ತಿತ್ತು. ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದು ನೆಲೆಸಿದ ನಾನು ಬಿಡುವಿನ ವೇಳೆಯಲ್ಲಿ ಈ ಕ್ಷೇತ್ರದ ಚರಿತ್ರೆಯನ್ನು ಬರೆದೆ. ಗೆದ್ದವರ ಹೆಸರು, ಇಸವಿ ಮತ್ತು ಮತಗಳನ್ನು ಪಟ್ಟಿ ಮಾಡುವುದಷ್ಟೇ ಆಗಿದ್ದರೆ ಅದು ಒಂದು ಸಂಜೆಯ ಕೆಲಸ. ಆದರೆ ಕ್ಷೇತ್ರದ ಗಡಿ ಎಲ್ಲಿತ್ತು, ಮತದಾರರ ಪಟ್ಟಿಯಲ್ಲಿ ಯಾರಿದ್ದರು ಎಂಬುದು ಗೊತ್ತಾಗದೆ ಆ ಅಂಕಿಗಳನ್ನು ಓದುವಂತಿಲ್ಲವೆಂದು ಆರಂಭದಲ್ಲಿಯೇ ಅನ್ನಿಸಿದ್ದರಿಂದ ಕೆಲಸವನ್ನು ಅಲ್ಲಿಂದಲೇ ಹಿಡಿದೆ.

ಕ್ಷೇತ್ರ ಹುಟ್ಟಿದ್ದು 1885ರಲ್ಲಾದರೂ ಕಥೆಯನ್ನು ಹಿಂದಿನಿಂದಲೇ ಹೇಳಬೇಕಾಯಿತು. 1801ಕ್ಕೆ ಮೊದಲು ಡಬ್ಲಿನ್ನಿನ ಸಂಸತ್ತಿಗೆ ಈ ಪುಟ್ಟ ಕೌಂಟಿಯಿಂದ ಹತ್ತು ಸದಸ್ಯರು ಹೋಗುತ್ತಿದ್ದರು: ಇಬ್ಬರು ಕೌಂಟಿಯ ಪರವಾಗಿ, ಉಳಿದ ಎಂಟು ಮಂದಿ ಲಾಂಗ್‌ಫರ್ಡ್, ಗ್ರಾನಾರ್ಡ್, ಲೇನ್ಸ್‌ಬರೊ ಮತ್ತು ಸೇಂಟ್ ಜಾನ್‌ಸ್ಟೌನ್ ಎಂಬ ನಾಲ್ಕು ಬರೋಗಳ ಪರವಾಗಿ. ಬರೋಗಳು ಹೆಸರಿಗೆ ಪಟ್ಟಣಗಳು, ವಾಸ್ತವದಲ್ಲಿ ಭೂಮಾಲೀಕರ ಕೈಯೊಳಗಿನ ಸ್ಥಾನಗಳು. ಐರ್ಲೆಂಡ್ ಮತ್ತು ಬ್ರಿಟನ್ನಿನ ಸಂಸತ್ತುಗಳು ಒಂದಾದಾಗ ಈ ನಾಲ್ಕೂ ರದ್ದಾಗಿ ಕೌಂಟಿಯ ಎರಡು ಸ್ಥಾನಗಳು ಮಾತ್ರ ಉಳಿದವು. ಹಾಗೆ ಪ್ರಾತಿನಿಧ್ಯ ಕಳೆದುಕೊಂಡ ಪ್ರತಿ ಬರೋಗೂ ಸರ್ಕಾರವು 15,000 ಪೌಂಡ್ ಪರಿಹಾರ ಕೊಟ್ಟಿತು. ಸೇಂಟ್ ಜಾನ್‌ಸ್ಟೌನ್ ಎಂಬುದು ಇಂದಿನ ಬ್ಯಾಲಿನಲೀ ಹಳ್ಳಿ. ಅಲ್ಲಿಂದ ಇಬ್ಬರು ಶಾಸಕರು ಹೋಗುತ್ತಿದ್ದರು ಎಂದರೆ ಇಂದು ನಂಬುವುದು ಕಷ್ಟ.

ಗಡಿಯ ವಿಷಯ ಹೆಚ್ಚು ಶ್ರಮ ಬೇಡಿತು. 1885ರ ಸ್ಥಾನ ಮರುಹಂಚಿಕೆ ಕಾಯ್ದೆಯ ಅನುಸೂಚಿಯು ಕೌಂಟಿಯನ್ನು ಉತ್ತರ, ದಕ್ಷಿಣ ಎಂದು ಒಡೆಯುವಾಗ ಹಳೆಯ ಬ್ಯಾರನಿಗಳನ್ನೂ ಪ್ಯಾರಿಷ್‌ಗಳನ್ನೂ ಆಧಾರವಾಗಿ ಇಟ್ಟುಕೊಂಡಿದೆ. ಬ್ಯಾರನಿ ಎಂದರೆ ನಮ್ಮ ಹೋಬಳಿಯಂತಹ ಘಟಕ, ಆದರೆ ಈಗ ಆಡಳಿತದಲ್ಲಿ ಬಳಕೆಯಿಲ್ಲ. ಅದರೊಳಗೆ ಪ್ಯಾರಿಷ್, ಪ್ಯಾರಿಷ್‌ನೊಳಗೆ ಟೌನ್‌ಲ್ಯಾಂಡ್ ಎಂಬ ಸಣ್ಣ ಸಣ್ಣ ಭೂವಿಭಾಗಗಳು. ಲಾಂಗ್‌ಫರ್ಡಿನಲ್ಲಿ ಇಂತಹ ಬ್ಯಾರನಿಗಳು ಆರು. ಮೈಲಿಗೆ ಆರಂಗುಲದ ಹಳೆಯ ಸರ್ವೆ ನಕ್ಷೆಗಳ ಮೇಲೆ ಅನುಸೂಚಿಯ ಹೆಸರುಗಳನ್ನು ಒಂದೊಂದಾಗಿ ಗುರುತಿಸುತ್ತಾ ಹೋದಾಗ ಬ್ಯಾಲಿಮಾಹನ್, ಲೇನ್ಸ್‌ಬರೊ ಹಾಗೂ ಲಾಂಗ್‌ಫರ್ಡ್ ಪಟ್ಟಣಗಳು ದಕ್ಷಿಣದ ಪಾಲಿಗೆ ಬಂದದ್ದು ಸ್ಪಷ್ಟವಾಯಿತು. ಕೃಷಿಕರ ಕ್ಷೇತ್ರವೆಂದು ಕರೆಸಿಕೊಂಡದ್ದರೊಳಗೆ ಸೈನ್ಯದ ಬ್ಯಾರಕ್ಸ್ ಇದ್ದ ಪಟ್ಟಣವೊಂದು ಸೇರಿತ್ತೆಂಬುದು ಮುಂದೆ 1917ರಲ್ಲಿ ಮುಖ್ಯವಾಗುತ್ತದೆ.

ಇದಕ್ಕೆ ಜನಸಂಖ್ಯೆಯ ಅಂಕಿಗಳನ್ನೂ ಸೇರಿಸಿದೆ. 1841ರಲ್ಲಿ ಇಡೀ ಕೌಂಟಿಯಲ್ಲಿ 1,15,491 ಜನರಿದ್ದರು, 1911ರಲ್ಲಿ 43,820. ಮಹಾಕ್ಷಾಮ ಮತ್ತು ಅನಂತರದ ವಲಸೆಯಿಂದ ಬರಿದಾದ ನಾಡಿನಲ್ಲಿಯೇ 1884ರ ಕಾಯ್ದೆಯು ಮತದ ಹಕ್ಕನ್ನು ಮನೆಯೊಡೆಯರಿಗೆ ವಿಸ್ತರಿಸಿತು. ಗುಪ್ತ ಮತದಾನ ಅದಕ್ಕೂ ಮುಂಚೆ 1872ರಲ್ಲಿ ಬಂದಿತ್ತು. ಹೀಗಾಗಿ ಜನ ಕಡಿಮೆಯಾಗುತ್ತಾ, ಮತದಾರರು ಹೆಚ್ಚುತ್ತಾ ಹೋದ ವಿಚಿತ್ರ ಕಾಲವದು.

ಐವರು ಸದಸ್ಯರಲ್ಲಿ ಮೊದಲ ಇಬ್ಬರಾದ ಲಾರೆನ್ಸ್ ಕಾನೊಲಿ ಮತ್ತು ಜೇಮ್ಸ್ ಫಿಟ್ಸ್‌ಜೆರಾಲ್ಡ್ ಅವರಿಗೆ ನಾನು ಹೆಚ್ಚು ಜಾಗ ಕೊಡಲಿಲ್ಲ. ಮೂರನೆಯವರಾದ ಎಡ್ವರ್ಡ್ ಬ್ಲೇಕ್ ಅವರ ಕಥೆ ಬೇರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರಧಾನಿಯಾಗಿ, ಅಲ್ಲಿನ ಲಿಬರಲ್ ಪಕ್ಷದ ನಾಯಕರಾಗಿ ಕೆಲಸ ಮಾಡಿದ್ದ ಈ ವಕೀಲರು, ಐರ್ಲೆಂಡಿಗೆ ಸ್ವಯಮಾಡಳಿತ ಕೇಳುತ್ತಿದ್ದ ಐರಿಷ್ ಪಕ್ಷವು ತನ್ನ ನಾಯಕ ಪಾರ್ನೆಲ್ ಅವರ ವಿವಾಹೇತರ ಸಂಬಂಧದ ಪ್ರಕರಣದಿಂದ ಒಡೆದುಹೋದ ಮೇಲೆ ಅದರ ಕರೆಗೆ ಓಗೊಟ್ಟು ಸಮುದ್ರ ದಾಟಿ ಬಂದು 1892ರಿಂದ 1907ರವರೆಗೆ ಈ ಕ್ಷೇತ್ರವನ್ನು ಪ್ರತಿನಿಧಿಸಿದರು. ಹೊರಗಿನಿಂದ ತಂದು ನಿಲ್ಲಿಸಿದ ಅಭ್ಯರ್ಥಿಯೊಬ್ಬರು ಹದಿನೈದು ವರ್ಷ ಉಳಿದದ್ದು ವ್ಯಕ್ತಿಗಿಂತ ಹೆಚ್ಚಾಗಿ ಪಕ್ಷದ ಹಿಡಿತವನ್ನು ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಅವರ ಬಳಿಕ ಜಾನ್ ಫಿಲಿಪ್ಸ್ ಬಂದರು. 1917ರ ವಸಂತದಲ್ಲಿ ಅವರು ತೀರಿಕೊಂಡಾಗ ಉಪಚುನಾವಣೆ ನಡೆಯಿತು.

ನನ್ನ ಬರವಣಿಗೆಯ ಅರ್ಧಭಾಗ ಈ ಉಪಚುನಾವಣೆಗೇ ಹೋಯಿತು, ಹೋಗಲೇಬೇಕಿತ್ತು. ಐರಿಷ್ ಪಕ್ಷದ ಅಭ್ಯರ್ಥಿ ಪ್ಯಾಟ್ರಿಕ್ ಮೆಕೆನ್ನಾ ಅವರಿಗೆ ಸ್ಥಳೀಯ ಬಿಷಪ್ ಹೋರ್ ಅವರ ಬೆಂಬಲವಿತ್ತು. ಎದುರಾಳಿ, ಸ್ವತಂತ್ರ ಐರ್ಲೆಂಡ್ ಬೇಕೆನ್ನುತ್ತಿದ್ದ ಸಿನ್ ಫೇನ್ ಪಕ್ಷದ ಜೋ ಮೆಕ್‌ಗಿನ್ನೆಸ್, ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ಈಸ್ಟರ್ ದಂಗೆಯಲ್ಲಿ ಭಾಗವಹಿಸಿ ಇಂಗ್ಲೆಂಡಿನ ಲೂಯಿಸ್ ಸೆರೆಮನೆಯಲ್ಲಿದ್ದವರು. ಸ್ಪರ್ಧಿಸಲು ಅವರಿಗೇ ಮನಸ್ಸಿರಲಿಲ್ಲ. ದಂಗೆಯಲ್ಲಿದ್ದ ಇನ್ನೊಬ್ಬ ಹೋರಾಟಗಾರ ಮೈಕಲ್ ಕಾಲಿನ್ಸ್ ಮುಂತಾದವರು ಆ ನಿರಾಕರಣೆಯನ್ನು ಬದಿಗಿಟ್ಟು ಹೆಸರು ಸೂಚಿಸಿದರು. ಕೈದಿಯ ಉಡುಪಿನ ವ್ಯಕ್ತಿಯ ಚಿತ್ರವಿದ್ದ ಭಿತ್ತಿಪತ್ರ ಊರೂರಿನ ಗೋಡೆಗಳಿಗೆ ಅಂಟಿತು: ‘ಅವನನ್ನು ಹೊರತರಲು ಒಳಗೆ ಕಳುಹಿಸಿ’, ಅಂದರೆ ಸೆರೆಯಿಂದ ಹೊರತರಲು ಸಂಸತ್ತಿನೊಳಗೆ. ಬ್ಯಾರಕ್ಸ್ ಇದ್ದ ಲಾಂಗ್‌ಫರ್ಡ್ ಪಟ್ಟಣದಲ್ಲಿ ಮಾತ್ರ ಯುದ್ಧಕ್ಕೆ ಹೋದ ಸೈನಿಕರ ಮಡದಿಯರು ಸಿನ್ ಫೇನ್ ಪ್ರಚಾರಕರ ಮೇಲೆ ತಿರುಗಿಬಿದ್ದರು. ಮತದಾನದ ಹಿಂದಿನ ದಿನ ದೇಶ ವಿಭಜನೆಯ ಅಪಾಯವನ್ನು ಕುರಿತು ಡಬ್ಲಿನ್ನಿನ ಆರ್ಚ್‌ಬಿಷಪ್ ವಾಲ್ಷ್ ಬರೆದ ಪತ್ರ ಪ್ರಕಟವಾಯಿತು, ಕರಪತ್ರವಾಗಿ ಹಳ್ಳಿಗಳಿಗೂ ತಲುಪಿತು.

ಮೇ 9ರಂದು ಮತದಾನ. ಎಣಿಕೆಯಲ್ಲಿ ಮೊದಲು ಮೆಕೆನ್ನಾ ಮುಂದಿದ್ದಾರೆ ಎಂಬ ಸುದ್ದಿ ಹೊರಬಿದ್ದು, ಮರುಎಣಿಕೆಯ ನಂತರ ಮೆಕ್‌ಗಿನ್ನೆಸ್ 1,498, ಮೆಕೆನ್ನಾ 1,461 ಎಂದು ಘೋಷಣೆಯಾಯಿತು, ಅಂತರ 37. ಈ ತಿರುವಿಗೆ ಎರಡು ವಿವರಣೆಗಳಿವೆ. ಲೆಕ್ಕಕ್ಕೆ ಬಾರದೆ ಉಳಿದಿದ್ದ ಮತಪತ್ರಗಳ ಕಟ್ಟೊಂದು ಸಿಕ್ಕಿತೆಂಬುದು ಒಂದು. ತಾನು ಚುನಾವಣಾಧಿಕಾರಿಯ ತಲೆಗೆ ಪಿಸ್ತೂಲು ಹಿಡಿದು ಮತ್ತೊಮ್ಮೆ ಯೋಚಿಸಲು ಹೇಳಿದೆನೆಂದು ಸಿನ್ ಫೇನ್ ಕಾರ್ಯಕರ್ತನೊಬ್ಬ ಮುಂದೆ ಹೇಳಿಕೊಂಡದ್ದು ಇನ್ನೊಂದು. ಪಿಸ್ತೂಲಿನ ಕಥೆ ರೋಚಕವಾದದ್ದರಿಂದ ಎಲ್ಲೆಡೆ ಉಲ್ಲೇಖವಾಗುತ್ತದೆ. ನಾನು ಅದನ್ನು ಕೈಬಿಡಲಿಲ್ಲ, ಆದರೆ ಗೆದ್ದ ಪಕ್ಷದವನು ಘಟನೆಯ ನಂತರ ಹೇಳಿಕೊಂಡ ಮಾತೆಂಬ ವಿಶೇಷಣದೊಡನೆಯೇ ಇಟ್ಟೆ, ಕಟ್ಟಿನ ವಿವರಣೆಯನ್ನು ಮೊದಲು ಕೊಟ್ಟೆ. 1947 ಮತ್ತು 1957ರ ನಡುವೆ ಮಿಲಿಟರಿ ಇತಿಹಾಸ ಬ್ಯೂರೊ ಸಂಗ್ರಹಿಸಿದ ಸಾಕ್ಷ್ಯಗಳನ್ನು ಬಳಸುವಾಗಲೂ ಇದೇ ಎಚ್ಚರ ಬೇಕು. ಮೂವತ್ತು ವರ್ಷಗಳ ಮೇಲೆ ಹೇಳಿದ ಮಾತಿನಲ್ಲಿ ಹೇಳುವವನ ಅನಂತರದ ರಾಜಕೀಯವೂ ಬೆರೆತಿರುತ್ತದೆ.

ಪತ್ರಿಕೆಗಳ ವಿಷಯದಲ್ಲಿಯೂ ಹಾಗೆಯೇ. ಊರಿನ ‘ಲಾಂಗ್‌ಫರ್ಡ್ ಲೀಡರ್’ ಪತ್ರಿಕೆಯನ್ನು 1897ರಲ್ಲಿ ಸ್ಥಾಪಿಸಿದ ಜೆ. ಪಿ. ಫ್ಯಾರೆಲ್ ಅವರೇ ಉತ್ತರ ಲಾಂಗ್‌ಫರ್ಡಿನ ಐರಿಷ್ ಪಕ್ಷದ ಸಂಸದರು. ಆದ್ದರಿಂದ ಅದರ ಸಭಾವರದಿಗಳನ್ನು ದಿನಾಂಕ, ಸ್ಥಳ, ಭಾಷಣಕಾರರ ಹೆಸರುಗಳಿಗಾಗಿ ಧಾರಾಳವಾಗಿ ಬಳಸಿಕೊಂಡೆ, ಜನಸಂದಣಿ ಮತ್ತು ಜಯಘೋಷದ ವರ್ಣನೆಗಳನ್ನು ಬಿಟ್ಟೆ. ಅದೇ ಸಭೆಯ ಬಗ್ಗೆ ಪಕ್ಷದ ಟೀಕಾಕಾರ ಜ್ಯಾಸ್ಪರ್ ಟಲಿ ಅವರ ‘ರಾಸ್ಕಾಮನ್ ಹೆರಾಲ್ಡ್’ ಏನಾದರೂ ಬರೆದಿದೆಯೇ ಎಂದು ಮೈಕ್ರೋಫಿಲ್ಮ್ ಸುತ್ತಿ ನೋಡುವುದು ಕಣ್ಣಿಗೆ ದಣಿವು ತಂದರೂ ಅದಕ್ಕೆ ಬದಲಿ ದಾರಿಯಿಲ್ಲ.

1918ರಲ್ಲಿ ಉತ್ತರ, ದಕ್ಷಿಣಗಳು ಸೇರಿ ಒಂದೇ ಲಾಂಗ್‌ಫರ್ಡ್ ಕ್ಷೇತ್ರವಾಯಿತು. ಆ ಡಿಸೆಂಬರಿನಲ್ಲಿ ಮೆಕ್‌ಗಿನ್ನೆಸ್ 11,122 ಮತ ಪಡೆದು, 4,173 ಪಡೆದ ಫ್ಯಾರೆಲ್ ಅವರನ್ನು ಸೋಲಿಸಿದರು. ಒಂದೂವರೆ ವರ್ಷದಲ್ಲಿ 37ರ ಅಂತರ ಸುಮಾರು 7,000ಕ್ಕೆ ಬೆಳೆಯಿತೆಂದು ಬರೆಯುವುದು ಸುಲಭ. ಆದರೆ 1917ರ ಮತದಾನ ನಡೆದದ್ದು ಯುದ್ಧದಿಂದಾಗಿ ಪರಿಷ್ಕರಣೆ ನಿಂತುಹೋಗಿದ್ದ ಹಳೆಯ ಪಟ್ಟಿಯ ಮೇಲೆ, ಅರ್ಧ ಕೌಂಟಿಯಲ್ಲಿ. 1918ರದ್ದು ಇಡೀ ಕೌಂಟಿಯಲ್ಲಿ, ಇಪ್ಪತ್ತೊಂದು ತುಂಬಿದ ಗಂಡಸರಿಗೂ ಮೂವತ್ತು ದಾಟಿದ ಅರ್ಹ ಹೆಂಗಸರಿಗೂ ಹಕ್ಕು ಬಂದ ಮೇಲೆ. ಹೀಗಾಗಿ ಎರಡು ಫಲಿತಾಂಶಗಳನ್ನು ಒಂದೇ ಕೋಷ್ಟಕದಲ್ಲಿ ಇಡದೆ ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟೆ, ಎರಡನೆಯದರ ಮೊದಲಿಗೇ ಮತದಾರರ ಪಟ್ಟಿ ಬದಲಾದ ವಿವರವನ್ನು ಕೊಟ್ಟೆ. 1921ರಲ್ಲಿ ಹುಟ್ಟಿದ ಲಾಂಗ್‌ಫರ್ಡ್-ವೆಸ್ಟ್‌ಮೀತ್ ಕ್ಷೇತ್ರ ಲಂಡನ್ನಿನ ಸಂಸತ್ತಿಗಲ್ಲದೆ ಡಬ್ಲಿನ್ನಿನ ಡಾಯ್ಲ್ ಎಂಬ ಐರಿಷ್ ಶಾಸನಸಭೆಗೆ ಸೇರಿದ್ದಾದ್ದರಿಂದ ಅದನ್ನು ನನ್ನ ಬರವಣಿಗೆಯ ಹೊರಗಿಟ್ಟೆ.