ತಲೆ ಮೇಲೆ ಕೂರಲಿಲ್ಲ: ನೊಂದ ಮಕ್ಕಳಿರುವ ತರಗತಿಯಲ್ಲಿ ನನ್ನ ಅನುಭವ

"ಇಷ್ಟು ಸದರ ಕೊಟ್ಟರೆ ತಲೆ ಮೇಲೆ ಕೂರ್ತಾರೆ ನೋಡಿ." ಭಯ, ನೋವು ಉಂಡು ಬಂದ ಮಕ್ಕಳನ್ನು ಗದರಿಸಿ ಶಿಕ್ಷಿಸುವ ಬದಲು, ಅವರ ಭಯ ಕಡಿಮೆ ಮಾಡಿ ತರಗತಿ ನಡೆಸಲು ಹೊರಟಾಗಿನಿಂದ ಸ್ಟಾಫ್ ರೂಮಿನಲ್ಲಿ ಹೆಚ್ಚೂಕಮ್ಮಿ ಎರಡು ವರ್ಷ ಈ ಮಾತು ಕೇಳಿದ್ದೇನೆ. ಹಾಗೆ ಹೇಳುತ್ತಿದ್ದವರಲ್ಲೇ ಇಬ್ಬರು ಈಚೆಗೆ ಬಂದು ನನ್ನ ಬೋರ್ಡಿನ ಫೋಟೋ ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕಾಣಿಸಿದರೆ ಸಹಿಸಿಕೊಳ್ಳಿ.

ಮೊದಲು ಲೆಕ್ಕ. ಸುಮಾರು 35 ಮಕ್ಕಳು, ಒಂಬತ್ತು ಹತ್ತು ವಯಸ್ಸು. ಇದನ್ನು ಶುರು ಮಾಡುವ ಮುಂಚೆ ನನ್ನ ತರಗತಿಯಿಂದ ಮುಖ್ಯಶಿಕ್ಷಕರ ಕೋಣೆಗೆ ವಾರಕ್ಕೆ ಹತ್ತು ಹನ್ನೆರಡು ಸಲ ಯಾರಾದರೂ ಹೋಗಿ ನಿಲ್ಲುತ್ತಿದ್ದರು. ಈಗ ತಿಂಗಳಿಗೆ ಎರಡೋ ಮೂರೋ. ಗದ್ದಲ ನಿಂತಿದೆ ಅಂತ ಅಲ್ಲ. ಗದ್ದಲ ಎದ್ದರೆ ಮತ್ತೆ ಪಾಠಕ್ಕೆ ಬರಲು ಮುಂಚೆ ಅರ್ಧ ಗಂಟೆ ಬೇಕಿತ್ತು, ಈಗ ಐದಾರು ನಿಮಿಷ ಸಾಕು.

ಮೆದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ಅನ್ನೋ ಭಾಗ ಎಲ್ಲಿದೆ, ಭಯವಾದರೆ ಅದು ಏನು ಮಾಡುತ್ತದೆ ಅನ್ನೋದನ್ನೆಲ್ಲ ಬಿಡುತ್ತೇನೆ. ತರಬೇತಿಗಳಲ್ಲಿ ಆ ಮೆದುಳಿನ ಚಿತ್ರ ನೀವೂ ನೋಡಿರುತ್ತೀರಿ. ನಾನು ಅದನ್ನು ನೋಡಲು ಕೈಯಿಂದ ದುಡ್ಡು ಕೊಟ್ಟಿದ್ದೆ. ಎರಡು ದಿನದ ತರಬೇತಿಗೆ ಒಂದು ವಾರದ ಸಂಬಳ ಹೋಯಿತು. ಸರ್ಟಿಫಿಕೇಟ್ ಚೆನ್ನಾಗಿತ್ತು.

ದುಡ್ಡು ಅದಕ್ಕಿಂತ ಜಾಸ್ತಿ ಹೋಗಿದ್ದು 'ಶಾಂತಿಯ ಮೂಲೆ'ಗೆ, ಅಂದರೆ ಮನಸ್ಸು ಕದಡಿದ ಮಗು ಹೋಗಿ ಕೂತು ಸಮಾಧಾನವಾಗುವ ಜಾಗಕ್ಕೆ. ಬೀನ್ ಬ್ಯಾಗ್, ಬಣ್ಣ ಬದಲಾಗುವ ದೀಪ, ಹಿಚುಕುವ ಚೆಂಡುಗಳು, ಶಬ್ದ ತಡೆಯುವ ಹೆಡ್‌ಫೋನ್. ಅರ್ಧ ತಿಂಗಳ ಸಂಬಳ ಅಂದುಕೊಳ್ಳಿ. ಶಾಲೆಯಿಂದ ಏನೂ ವಾಪಸ್ ಬರಲಿಲ್ಲ. ಮೊದಲ ವಾರ ಮೂಲೆಗೆ ಕ್ಯೂ ನಿಂತಿತು. ಎರಡನೇ ವಾರ ಚೆಂಡುಗಳು ಗಾಳಿಯಲ್ಲಿದ್ದವು. ನಿಜವಾಗಿ ಬೇಕಾಗಿದ್ದ ಹುಡುಗಿಯೊಬ್ಬಳು ಆ ಕಡೆ ಕಾಲೇ ಇಡಲಿಲ್ಲ. ಎಲ್ಲರ ಕಣ್ಣೆದುರು ಎದ್ದು ಹೋಗಿ 'ನನಗೆ ಆಗ್ತಿಲ್ಲ' ಅಂತ ತೋರಿಸಿಕೊಳ್ಳೋದು ಯಾವ ಮಗುವಿಗೆ ಬೇಕು? ಈಗ ಉಳಿದಿರುವುದು ಹೆಡ್‌ಫೋನ್ ಮತ್ತು ಹಿಂದಿನ ಸಾಲಿನ ಒಂದು ಸಾಮಾನ್ಯ ಕುರ್ಚಿ. ಯಾರು ಬೇಕಾದರೂ ಯಾವಾಗ ಬೇಕಾದರೂ ಪುಸ್ತಕದ ಸಮೇತ ಅಲ್ಲಿ ಕೂರಬಹುದು. ಹುಷಾರಾಗಿರುವವರೂ ಕೂರುತ್ತಾರೆ, ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ. ದೀಪ ಬೀರುವಿನ ಮೇಲಿದೆ, ಬೇಕಿದ್ದವರು ಕೇಳಿ.

ಕಣ್ಣು ಮುಚ್ಚಿ ಉಸಿರಾಟವೂ ಕೈಕೊಟ್ಟಿತು. ಎಲ್ಲರೂ ಕಣ್ಣು ಮುಚ್ಚಿ ಅಂದ ತಕ್ಷಣ ಮೂರ್ನಾಲ್ಕು ಮಕ್ಕಳ ಭುಜ ಕಿವಿವರೆಗೆ ಏರುತ್ತಿತ್ತು. ಸದಾ ಎಚ್ಚರವಾಗಿರಲು ಕಲಿತ ಮಗುವಿಗೆ ಕಣ್ಣು ಮುಚ್ಚು ಅನ್ನೋದು ಆರಾಮ ಅಲ್ಲ, ಅಪಾಯ. ಈಗ ಕಣ್ಣು ತೆರೆದೇ, ಬೆಂಚಿನ ಮೇಲೊಂದು ಬಿಂದು ನೋಡುತ್ತಾ, ಉಸಿರು ಒಳಗೆ ಮೂರು ಎಣಿಕೆ, ಹೊರಗೆ ಐದು. ಬೇಡವಾದವರು ಸುಮ್ನೆ ಕೂರಬಹುದು. ಲೈಟ್ ಆರಿಸಿ ತರಗತಿ ಸುಮ್ಮನಾಗಿಸುವ ಹಳೇ ಉಪಾಯವನ್ನೂ ಇದೇ ಕಾರಣಕ್ಕೆ ಬಿಟ್ಟೆ. ಹಿಂದಿನಿಂದ ಬಂದು ಬೆನ್ನು ತಟ್ಟುವುದನ್ನೂ.

ಗೆದ್ದಿದ್ದು ಯಾವುದು ಅಂದರೆ, ಮುಂದೆ ಏನಾಗುತ್ತೆ ಅಂತ ಮಗುವಿಗೆ ಮೊದಲೇ ಗೊತ್ತಿರುವುದು. ಬೋರ್ಡಿನ ಎಡಕ್ಕೆ ಹಳೇ ರಟ್ಟಿನ ಪಟ್ಟಿಗಳಲ್ಲಿ ದಿನದ ಕೆಲಸ ಬರೆದು ತೂಗುಹಾಕುತ್ತೇನೆ. ಖರ್ಚು ಸೊನ್ನೆ. ಮುಗಿದ ಪಟ್ಟಿಯನ್ನು ಒಂದು ಮಗು ತಿರುಗಿಸುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಐದು ನಿಮಿಷ ಇದೆ, ಎರಡು ನಿಮಿಷ ಇದೆ ಅಂತ ಅದೇ ಮಾತಲ್ಲಿ, ಅದೇ ದನಿಯಲ್ಲಿ ಹೇಳುತ್ತೇನೆ. ಏನಾದರೂ ಬದಲಾದರೆ ಕೆಂಪು ಪಟ್ಟಿ. ಅದು ಬೆಳಗ್ಗೆಯೇ ಕಾಣಬೇಕು.

ಇದಕ್ಕೆ ಟೈಮರ್ ಕೂಡ ತಂದಿದ್ದೆ. ಟಿಕ್ ಟಿಕ್ ಸದ್ದಿಗೆ ಇಬ್ಬರು ಕಿವಿ ಮುಚ್ಚಿಕೊಂಡರು, ಹೊತ್ತು ಮುಗಿದು ಅದರ ಗಂಟೆ ಬಾರಿಸಿದಾಗ ಒಬ್ಬ ಬೆಂಚಿನ ಕೆಳಗೆ. ಮರಳಿನ ಟೈಮರ್ ಪರವಾಗಿಲ್ಲ, ಆದರೆ ಒಡೆಯಿತು. ಈಗ ಬಾಯಿಮಾತೇ.

ನಿಯಮ ಇಲ್ಲ ಅಂದುಕೊಳ್ಳಬೇಡಿ. ನಾಲ್ಕೇ ನಿಯಮ, ಆದರೆ ಮುರಿದರೆ ಪ್ರತಿ ಸಲವೂ ಅದೇ ಆಗುತ್ತದೆ. ಹಾಳು ಮಾಡಿದ್ದನ್ನು ಸರಿ ಮಾಡಬೇಕು, ನೋಯಿಸಿದವರ ಜೊತೆ ಮಾತಾಡಬೇಕು. ನನ್ನ ಮೂಡ್ ನೋಡಿ ಅದು ಬದಲಾಗುವುದಿಲ್ಲ. ಹೆಸರು ಬೋರ್ಡಿನ ಮೇಲೆ ಬರೆಯುವುದು, ಸ್ಟಾರ್ ಕಿತ್ತುಕೊಳ್ಳುವುದು ಬಂದ್. ಸ್ಟಾರ್ ಚಾರ್ಟ್ ಒಂದು ಟರ್ಮ್ ನಡೆಸಿ ನೋಡಿದ್ದೆ. ಹೇಗೂ ಚೆನ್ನಾಗಿರುವ ಮಕ್ಕಳಿಗೆ ಸ್ಟಾರ್ ಸಿಕ್ಕಿತು. ಕಷ್ಟದಲ್ಲಿರುವವರು ಎರಡನೇ ಪೀರಿಯಡ್‌ಗೇ ಸೋತು, 'ಇನ್ನೇನಿದೆ' ಅಂತ ದಿನವಿಡೀ ಗಲಾಟೆ ಮಾಡಿದರು.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಬರೆಯಿರಿ ಅಂದ ಕೂಡಲೇ ಪೆನ್ಸಿಲ್ ಮುರಿಯುತ್ತಿದ್ದ, ಆಮೇಲೆ ಬೆಂಚು ನೂಕುತ್ತಿದ್ದ. ದಿನಾ ಎರಡು ನಿಮಿಷ, ಹತ್ತು ದಿನ, ಪಾಠ ಬಿಟ್ಟು ಬೇರೆ ಏನಾದರೂ ಮಾತಾಡುವ ಪದ್ಧತಿ ನಿಮಗೆ ಗೊತ್ತಲ್ಲ? ಅದನ್ನು ಹಿಡಿದೆ. ಮೊದಮೊದಲು 'ಹ್ಞೂಂ', 'ಗೊತ್ತಿಲ್ಲ' ಅಷ್ಟೇ. ಮಧ್ಯದಲ್ಲೊಂದು ದಿನ ನನ್ನ ಮೇಜಿನ ಸ್ಟೇಪ್ಲರ್ ಎತ್ತಿಕೊಂಡ. ತೆರೆದ, ಸ್ಪ್ರಿಂಗ್ ಎಳೆದ, ಪಿನ್ ಯಾಕೆ ಸಿಕ್ಕಿಕೊಳ್ಳುತ್ತೆ ಅಂತ ನನಗೇ ವಿವರಿಸಿದ. ಆಮೇಲೆ ತಲೆ ಎತ್ತದೇ ಹೇಳಿದ: "ನನ್ನ ಹಿಂದೆ ಬಾಗಿಲು ತೆಗೀತಾರೆ. ಯಾರು ಅಂತ ಕಾಣಲ್ಲ." ಅವನು ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ. ಗೋಡೆಗೆ ಬೆನ್ನು, ಬಾಗಿಲಿಗೆ ಮುಖ ಬರುವಂತೆ ಜಾಗ ಬದಲಿಸಿದೆ. ಪೆನ್ಸಿಲ್ ಮುರಿಯುವುದು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧಕ್ಕೆ ಒಂದು ಟರ್ಮ್ ಹಿಡಿಯಿತು. ಮನೆಯಲ್ಲಿ ಏನಾಗಿದೆ ಅಂತ ನಾನು ಅವನನ್ನು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಕೆದಕದೆಯೂ ಕೆಲಸ ನಡೆಯುತ್ತದೆ. ಮಗು ತಾನಾಗಿ ಏನಾದರೂ ಹೇಳಿದರೆ, ಅಥವಾ ಪೆಟ್ಟಿನ ಗುರುತು ಕಂಡರೆ, ಅದು ಬೇರೆ ವಿಷಯ. ಅವತ್ತೇ ಮಕ್ಕಳ ರಕ್ಷಣೆಗೆ ಅಂತ ಇರುವವರಿಗೆ ತಿಳಿಸಬೇಕು.

ಸಹೋದ್ಯೋಗಿಯೊಬ್ಬರಿಗೆ ಎಸಿಇ ಪ್ರಶ್ನೆಪಟ್ಟಿ ಸಿಕ್ಕಿತ್ತು, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ಕಡೆಗಣನೆಯಂಥ ಕಹಿ ಅನುಭವಗಳನ್ನು ಎಣಿಸುವ ಪಟ್ಟಿ ಅದು. ಎಲ್ಲ ಮಕ್ಕಳ ಕೈಲಿ ತುಂಬಿಸೋಣ, ಸ್ಕೋರ್ ನೋಡಿ ಪಟ್ಟಿ ಮಾಡೋಣ ಅಂದರು. ನಾನು ಒಪ್ಪಲಿಲ್ಲ. ಆ ಪಟ್ಟಿಯ ಮೂಲ, ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನ, ದೊಡ್ಡವರ ಬಗ್ಗೆ, ದೊಡ್ಡ ಗುಂಪುಗಳ ಆರೋಗ್ಯದ ಬಗ್ಗೆ. ಸ್ಕೋರ್ ಹಿಡಿದು ಒಬ್ಬೊಬ್ಬ ವ್ಯಕ್ತಿಯನ್ನು ಅಳೆಯಬೇಡಿ ಅಂತ 2020ರಲ್ಲಿ ಆಂಡಾ ಅವರೇ ಎಚ್ಚರಿಸಿದ್ದಾರೆ. ಅಲ್ಲದೆ, ಮಧ್ಯಾಹ್ನದ ಗಣಿತ ಪೀರಿಯಡ್‌ಗೆ ಮುಂಚೆ ಮಗುವಿನ ಗಾಯ ಬಿಚ್ಚಿಸಿ, ಆಮೇಲೆ ಭಾಗಾಕಾರ ಮಾಡು ಅನ್ನೋದಾ? ಒಂದು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ.

ಲಕೋಟೆ ಪ್ರಯೋಗ ಒಂದು ಮಜಾ. ಮಗು ಕುದಿಯಲು ಶುರುವಾದಾಗ ಪಕ್ಕದ ತರಗತಿಗೆ ಒಂದು ಲಕೋಟೆ ಕೊಟ್ಟು ಕಳಿಸುವುದು, ನಡೆದು ಬರುವಷ್ಟರಲ್ಲಿ ತಣ್ಣಗಾಗುತ್ತಾರೆ. ಒಳಗೆ ಖಾಲಿ ಹಾಳೆ. ಮೂರು ವಾರ ಅದ್ಭುತ. ಆಮೇಲೆ ಒಬ್ಬಳು ದಾರಿಯಲ್ಲಿ ಬಿಚ್ಚಿ ನೋಡಿ ವಾಪಸ್ ಬಂದಳು. "ಇದ್ರಲ್ಲಿ ಏನೂ ಇಲ್ಲ!" ಇಂಥ ಮಕ್ಕಳು ಸುಳ್ಳನ್ನು ದೂರದಿಂದಲೇ ಮೂಸುತ್ತಾರೆ. ಈಗ ನಿಜವಾದ ಕೆಲಸವನ್ನೇ ಕೊಡುತ್ತೇನೆ, ಸಾಧ್ಯವಾದರೆ ಭಾರದ್ದು. ನೋಟ್‌ಪುಸ್ತಕಗಳ ಕಟ್ಟು ಹೊತ್ತು ಹೋಗಿ ಬಂದರೆ ಮೈಯ ಬಿಗಿ ಇಳಿಯುತ್ತದೆ. ಕುರ್ಚಿಯ ಮುಂದಿನ ಕಾಲುಗಳಿಗೆ ದಪ್ಪ ರಬ್ಬರ್ ಪಟ್ಟಿ ಕಟ್ಟಿ, ಕಾಲಿಂದ ಅದನ್ನು ಒದೆಯಲು ಬಿಟ್ಟರೂ ಇಬ್ಬರಿಗೆ ಉಪಯೋಗವಾಯಿತು. ಪಟ್ಟಿ ತಿಂಗಳಿಗೊಂದು ಹರಿಯುತ್ತದೆ.

"ಅವನಿಗೆ ಮಾತ್ರ ಯಾಕೆ?" ಅಂತ ಬೇರೆ ಮಕ್ಕಳು ಕೇಳುತ್ತಾರೆ. "ನಿನಗೆ ಬೇಕಾದಾಗ ನಿನಗೂ ಸಿಗುತ್ತೆ" ಅನ್ನುತ್ತೇನೆ, ಮತ್ತು ಕೊಡುತ್ತೇನೆ. ಕೊಡದಿದ್ದರೆ ಆ ಮಾತು ಎರಡನೇ ಸಲ ಓಡುವುದಿಲ್ಲ.

ಜಗಳ ಮುಗಿದ ಮೇಲೆ ಮಗುವಿಗೆ ನಾನು ಹೇಳುವ ಮೊದಲ ವಾಕ್ಯ ಯಾವುದು ಅಂತ ತುಂಬಾ ಜನ ಕೇಳಿದ್ದಾರೆ. ಹೇಳಲ್ಲ. ಬರೆದುಕೊಟ್ಟರೆ ನಾಳೆಯಿಂದ ಎಲ್ಲರೂ ಗಿಳಿಪಾಠ ಒಪ್ಪಿಸುತ್ತಾರೆ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತೆ. ಇಷ್ಟು ಹೇಳಬಲ್ಲೆ: ಅದರಲ್ಲಿ 'ಯಾಕೆ' ಇಲ್ಲ, ನಿಂತುಕೊಂಡು ಹೇಳುವುದಿಲ್ಲ, ಎದುರಿಗೆ ಅಲ್ಲ, ಪಕ್ಕದಲ್ಲಿ ಕೂತು ಹೇಳುತ್ತೇನೆ. ಮೊದಲ ವಾರ ಯಾರನ್ನು ಯಾರ ಪಕ್ಕ ಕೂರಿಸುತ್ತೇನೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಇನ್ನೂ ಸರಿಹೋಗದೆ ಇರುವುದು ನಾನು ರಜೆ ಹಾಕಿದ ದಿನ. ಬದಲಿ ಶಿಕ್ಷಕರು ಬಂದರೆ ಮಧ್ಯಾಹ್ನದೊಳಗೆ ಎಲ್ಲ ಚೆಲ್ಲಾಪಿಲ್ಲಿ. ಅವರಿಗಾಗಿ ಒಂದು ಪುಟ ಬರೆದು ಮೇಜಿನ ಮೇಲಿಟ್ಟೆ, ಓದಲೇ ಇಲ್ಲ. ಮುಂದಿನ ಸಲ ಆ ಪುಟವನ್ನು ಇಬ್ಬರು ಮಕ್ಕಳ ಕೈಗೆ ಕೊಟ್ಟು, ಬಂದವರಿಗೆ ಅವರೇ ಓದಿ ಹೇಳುವಂತೆ ಮಾಡಬೇಕೆಂದಿದ್ದೇನೆ. ಆ ಇಬ್ಬರಲ್ಲಿ ಒಬ್ಬ ಸ್ಟೇಪ್ಲರ್ ಹುಡುಗ. ಸ್ಟಾಫ್ ರೂಮಿನಲ್ಲಿ ಈಗಾಗಲೇ ನಗುತ್ತಿದ್ದಾರೆ.