ಅಸ್ತಮಾ ಇಲಿಯೂ ಸಡಿಲ ಗಂಟೂ

ಅಸ್ತಮಾ ಇರುವ ಇಲಿಯ ಶ್ವಾಸನಾಳ ಎಷ್ಟು ಬಿಗಿಯುತ್ತದೆ ಅಂತ ಅಳೆಯುವುದು ನನ್ನ ಥೀಸಿಸ್‌ನ ಕೆಲಸ. 20 ಗ್ರಾಂ ತೂಗುವ ಇಲಿಗೆ ಯಂತ್ರ ಒಂದು ಉಸಿರಿಗೆ ಕೊಡುವ ಗಾಳಿ 0.2 ಎಂಎಲ್. ಇಷ್ಟರಲ್ಲಿ ಒಂಚೂರು ಸೋರಿದರೂ ಲೆಕ್ಕ ಕೆಟ್ಟಂತೆ. ಈ ಮಾತು ನನ್ನ ತಲೆಗೆ ಹೋಗಲು ಮೂರು ವಾರ ಹಿಡಿಯಿತು.

ಮೊದಲು ಸುಲಭದ ದಾರಿಯನ್ನೇ ಹಿಡಿದಿದ್ದೆ. ಎಚ್ಚರವಿರುವ ಇಲಿಯನ್ನು ಪ್ಲೆತಿಸ್ಮೋಗ್ರಾಫ್ ಡಬ್ಬಿಯೊಳಗೆ (ಉಸಿರಾಟದಿಂದ ಆಗುವ ಒತ್ತಡದ ಏರಿಳಿತ ದಾಖಲಿಸುವ ಮುಚ್ಚಿದ ಡಬ್ಬಿ) ಬಿಟ್ಟು, ಅದು ಲೆಕ್ಕ ಹಾಕಿ ಕೊಡುವ ಪೆನ್‌ಎಚ್ ಅನ್ನುವ ಸಂಖ್ಯೆ ನೋಡುವುದು. ಕೊಯ್ಯುವಂತಿಲ್ಲ, ಅರಿವಳಿಕೆ ಬೇಡ, ಅದೇ ಇಲಿಯನ್ನು ಮುಂದಿನ ವಾರ ಮತ್ತೆ ಅಳೆಯಬಹುದು. ಆದರೆ ಪೆನ್‌ಎಚ್ ಹುಟ್ಟುವುದು ಉಸಿರಾಟದ ಲಯದಿಂದ, ಶ್ವಾಸನಾಳ ಎಷ್ಟು ಬಿಗಿದಿದೆ ಅಂತ ಅದು ನೇರವಾಗಿ ಹೇಳುವುದಿಲ್ಲ. ಈಗ ಅದನ್ನು ಬರೀ ಜರಡಿಯ ಹಾಗೆ ಬಳಸುತ್ತೇನೆ.

ನಂಬುವ ಅಳತೆ ಫ್ಲೆಕ್ಸಿವೆಂಟ್‌ನದು, ಅಂದರೆ ಇಲಿಗೆ ಉಸಿರು ಕೊಡುತ್ತಲೇ ಶ್ವಾಸಕೋಶ ಅಳೆಯುವ ಯಂತ್ರದ್ದು. ಅರಿವಳಿಕೆಗೆ ಕೆಟಮಿನ್, ಜೈಲಜೀನ್ ಕೊಟ್ಟು, ಕಾಲ್ಬೆರಳು ಚಿವುಟಿದರೂ ಎಳೆದುಕೊಳ್ಳದ ಹಾಗೆ ಮಲಗಿಸಿ, ಕತ್ತಿನಲ್ಲಿ ಶ್ವಾಸನಾಳ ಬಿಡಿಸಿಕೊಂಡು, 18 ಗೇಜ್ ಕ್ಯಾನುಲಾ (ಸಣ್ಣ ಕೊಳವೆ) ತೂರಿಸಿ ದಾರ ಕಟ್ಟುತ್ತೇನೆ. ಇಲ್ಲಿಂದ ಇಲಿ ಬದುಕಿ ವಾಪಸ್ ಹೋಗುವುದಿಲ್ಲ. ಹಾಗಾಗಿ ಒಂದು ಅಳತೆ ಹಾಳಾದರೆ ಒಂದು ಜೀವವೂ ಸುಮ್ನೆ ಹೋದಂತೆ, ನೈತಿಕ ಸಮಿತಿಗೆ ಬರೆದುಕೊಟ್ಟ ಸಂಖ್ಯೆ ಮೀರುವಂತೆಯೂ ಇಲ್ಲ.

ನಿಮಿಷಕ್ಕೆ 150 ಉಸಿರು, ಪೀಪ್, ಅಂದರೆ ಉಸಿರು ಹೊರಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ, 3 ಸೆಂಟಿಮೀಟರ್ ನೀರು. ಯಂತ್ರ ಗಾಳಿಯ ಸಣ್ಣ ಅಲೆ ಒಳಗೆ ಕಳಿಸಿ, ಒತ್ತಡ ಏರಿಳಿಯುವ ರೀತಿಯಿಂದ ರೆಸಿಸ್ಟೆನ್ಸ್ (ಗಾಳಿಯ ಹರಿವಿಗೆ ಅಡ್ಡಿ), ಎಲಾಸ್ಟೆನ್ಸ್ (ಶ್ವಾಸಕೋಶದ ಬಿಗುವು) ಲೆಕ್ಕ ಹಾಕುತ್ತದೆ. ಕ್ಯಾನುಲಾದ ಪಾಲನ್ನು ಅದರಿಂದ ಕಳೆಯಬೇಕಲ್ಲ, ಅದಕ್ಕೇ ಕ್ಯಾಲಿಬ್ರೇಷನ್ ಮಾಡುವಾಗ ಆ ದಿನ ಬಳಸುವ ಕ್ಯಾನುಲಾವನ್ನೇ ಹಾಕಿ, ತುದಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ.

ನಾನು ಎಡವಿದ್ದು ದಾರದಲ್ಲಿ. ಮೊಟ್ಟೆಯ ಬಿಳಿಭಾಗದ ಪ್ರೋಟೀನ್ ಓವಾಲ್ಬುಮಿನ್ ಕೊಟ್ಟು ಅಸ್ತಮಾ ಬರಿಸಿದ ಇಲಿಗಳ ಜೊತೆ ಆರೋಗ್ಯವಾಗಿದ್ದ ಇಲಿಗಳೂ ಅಡ್ಡಾದಿಡ್ಡಿ ಸಂಖ್ಯೆ ಕೊಡತೊಡಗಿದವು. ಅಳತೆ ಯಂತ್ರದ ಲೆಕ್ಕಕ್ಕೆ ಎಷ್ಟು ಹೊಂದುತ್ತದೆ ಅಂತ ಹೇಳುವ ಸಿಓಡಿ 0.9ಕ್ಕಿಂತ ಕೆಳಗೆ, ಅಂದರೆ ನಂಬುವ ಹಾಗಿಲ್ಲ. ನಾನಂತೂ ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಸೇರಿಸುವ ನೆಬ್ಯುಲೈಸರ್ ತೊಳೆದೆ, ಶ್ವಾಸನಾಳ ಬಿಗಿಯುವಂತೆ ಮಾಡುವ ಮೆಥಕೋಲಿನ್ ಹೊಸದಾಗಿ ಕಲಸಿದೆ, ಯಂತ್ರವನ್ನೂ ಬೈದೆ. ಕೊನೆಗೆ ಲ್ಯಾಬಿನ ಸೀನಿಯರ್ ಅಕ್ಕ ಬಂದು ನೋಡಿ, "ಗಂಟು ಎಷ್ಟು ಹಾಕಿದ್ದೀಯಾ?" ಅಂದರು. ಒಂದು! ಶ್ವಾಸನಾಳ ಹರಿದುಹೋದೀತು ಅನ್ನುವ ಭಯಕ್ಕೆ ಅದನ್ನೂ ಸಡಿಲ ಬಿಟ್ಟಿದ್ದೆ.

ಈಗ ಎರಡು ಗಂಟು. ಆಮೇಲೆ 30 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಶ್ವಾಸಕೋಶ ಉಬ್ಬಿಸಿ ಹಿಡಿದು ನೋಡುತ್ತೇನೆ. ಒತ್ತಡ ಸ್ವಲ್ಪ ಇಳಿದು ನಿಂತರೆ ಸರಿ, ಇಳಿಯುತ್ತಲೇ ಹೋದರೆ ಸೋರಿಕೆ. ಇದು ಪಾಸಾದ ಮೇಲಷ್ಟೇ ಸ್ನಾಯು ಸಡಿಲಿಸುವ ಔಷಧ. ಅದು ಕೊಟ್ಟ ಮೇಲೆ ಇಲಿಗೆ ನೋವಾದರೂ ಮಿಸುಕಲು ಆಗುವುದಿಲ್ಲ, ಆದ್ದರಿಂದ ಅರಿವಳಿಕೆ ಮೊದಲೇ ಗಟ್ಟಿಯಾಗಿರಬೇಕು, ಹೃದಯ ಬಡಿತದ ಮೇಲೆ ಕಣ್ಣಿರಬೇಕು.

ಆಮೇಲೆ ಮೊದಲು ಬರೀ ಸಲೈನ್, ನಂತರ ಮೆಥಕೋಲಿನ್ ಎಂಎಲ್‌ಗೆ 3.125 ಮಿಲಿಗ್ರಾಂನಿಂದ ಶುರುವಾಗಿ ದುಪ್ಪಟ್ಟಾಗುತ್ತಾ 50ರವರೆಗೆ. ಪ್ರತಿ ಡೋಸ್ ಆದ ಮೇಲೆ ಸುಮಾರು ಮೂರು ನಿಮಿಷ ಅಳೆದು ಅತಿ ಹೆಚ್ಚು ಬಂದ ಸಂಖ್ಯೆ ಬರೆದುಕೊಳ್ಳುತ್ತೇನೆ.

ಆ ಮೂರು ವಾರದ 11 ಇಲಿಗಳ ಡೇಟಾ ಥೀಸಿಸ್‌ನಲ್ಲಿ ಇಲ್ಲ. ನೋಟ್‌ಬುಕ್ಕಿನಲ್ಲಿ ಒಂದೊಂದರ ನಂಬರಿನ ಮುಂದೆಯೂ "ಗಂಟು" ಅಂತ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.