ಕ್ರಾಂತಿ ಒಂದೇ, ಇತಿಹಾಸಕಾರರು ಹೇಳುವುದು ಬೇರೆ ಬೇರೆ: ಓದುವುದು ಹೇಗೆ?

ಶಿರಸಿ, ಕಾರವಾರದ ಕಡೆ ಇತಿಹಾಸ ತೆಗೆದುಕೊಂಡ ಡಿಗ್ರಿ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆ ಇದು. ಫ್ರೆಂಚ್ ಕ್ರಾಂತಿ ಯಾಕಾಯಿತು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರಲ್ಲ, ಪರೀಕ್ಷೆಗೆ ಯಾರದ್ದು ಬರೆಯಬೇಕು? ಯಾರು ಸರಿ ಎನ್ನುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅವರ ಮಾತು ಬೇರೆಯಾದದ್ದು ಯಾಕೆ ಎಂದು ಮೊದಲು ನೋಡಿ. ಅದು ಗೊತ್ತಾದರೆ ಉತ್ತರ ತಾನೇ ಬರುತ್ತದೆ.

ಮೊದಲು ಜಗಳ ಇಲ್ಲದ ಸಂಗತಿಗಳನ್ನು ಬೇರೆ ಬರೆದುಕೊಳ್ಳಿ. 1789ರ ಜುಲೈ 14ಕ್ಕೆ ಪ್ಯಾರಿಸ್ಸಿನ ಬ್ಯಾಸ್ಟಿಲ್ ಕೋಟೆ-ಸೆರೆಮನೆ ಜನರ ಕೈಗೆ ಬಿತ್ತು, ಆಗ ಒಳಗಿದ್ದ ಕೈದಿಗಳು 7 ಜನ. 1793ರ ಜನವರಿ 21ಕ್ಕೆ ದೊರೆ 16ನೇ ಲೂಯಿಯ ತಲೆ ತೆಗೆದರು. ಇದರಲ್ಲಿ ಯಾರದ್ದೂ ತಕರಾರಿಲ್ಲ. ತಕರಾರು ಇರುವುದು ಇವೆಲ್ಲ ಯಾಕಾದವು, ಆಗಿದ್ದರಿಂದ ಏನು ಬದಲಾಯಿತು ಎನ್ನುವುದರಲ್ಲಿ.

ಆಮೇಲೆ ಪುಸ್ತಕ ಬರೆದ ವರ್ಷ ನೋಡಿ. ತುಂಬಾ ಜನ ಇದನ್ನು ಬಿಟ್ಟೇ ಬಿಡುತ್ತಾರೆ. ಬ್ರಿಟನ್ನಿನ ರಾಜಕಾರಣಿ ಎಡ್ಮಂಡ್ ಬರ್ಕ್ ಕ್ರಾಂತಿಯನ್ನು ಕಟುವಾಗಿ ಬೈದದ್ದು 1790ರಲ್ಲಿ, ಆಗ ದೊರೆ ಇನ್ನೂ ಬದುಕಿದ್ದ. ಹಳೆಯದನ್ನೆಲ್ಲ ಒಂದೇ ಏಟಿಗೆ ಕೆಡವಿದರು ಎನ್ನುವುದು ಅವನ ಸಿಟ್ಟು. ಫ್ರಾನ್ಸಿನ ಚಿಂತಕ ಟಾಕ್‌ವಿಲ್ ಬರೆದದ್ದು 1856ರಲ್ಲಿ. ಅಷ್ಟರಲ್ಲಿ ಫ್ರಾನ್ಸಿನಲ್ಲಿ 1848ರ ಇನ್ನೊಂದು ಕ್ರಾಂತಿ ಆಗಿ, ಅದೂ ಮುಗಿದು, ಮೂರನೇ ನೆಪೋಲಿಯನ್ ಚಕ್ರವರ್ತಿಯಾಗಿ ಕೂತಿದ್ದ. ಇಷ್ಟೆಲ್ಲ ಹೋರಾಡಿದ ಮೇಲೂ ಅಧಿಕಾರ ಮತ್ತೆ ಮತ್ತೆ ಒಬ್ಬನ ಕೈಗೇ ಯಾಕೆ ಹೋಗುತ್ತದೆ? ಟಾಕ್‌ವಿಲ್‌ನನ್ನು ಕಾಡಿದ ಪ್ರಶ್ನೆ ಇದು. ಅವನು ಕಂಡುಕೊಂಡದ್ದು ಬರ್ಕ್ ಹೇಳಿದ್ದಕ್ಕೆ ಉಲ್ಟಾ: ಎಲ್ಲವನ್ನೂ ಪ್ಯಾರಿಸ್ಸಿನಿಂದಲೇ ಆಳುವ ಚಾಳಿ ದೊರೆಗಳ ಕಾಲದಲ್ಲೇ ಶುರುವಾಗಿತ್ತು, ಕ್ರಾಂತಿ ಅದನ್ನು ಮುರಿಯಲಿಲ್ಲ, ಇನ್ನೂ ಗಟ್ಟಿ ಮಾಡಿತು.

20ನೇ ಶತಮಾನಕ್ಕೆ ಬನ್ನಿ. ಜಾರ್ಜ್ ಲೆಫೆಬ್ರ್ ಮತ್ತು ಅವರ ನಂತರ ಆಲ್ಬರ್ಟ್ ಸೊಬೂಲ್ ಮಾರ್ಕ್ಸ್‌ವಾದದ ಕಣ್ಣಿನಿಂದ ನೋಡಿದರು. ಬೆಳೆಯುತ್ತಿದ್ದ ಬಂಡವಾಳಗಾರ ವರ್ಗ ಜಮೀನ್ದಾರಿ ವ್ಯವಸ್ಥೆಯನ್ನು ಕೆಡವಿತು ಎಂದರು. ನಮ್ಮ ಎಷ್ಟೋ ನೋಟ್ಸುಗಳಲ್ಲಿ ಇವತ್ತಿಗೂ ಇರುವುದು ಇದೇ. 1950ರ ದಶಕದಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಕಾಬನ್ ಇದನ್ನು ಪ್ರಶ್ನಿಸಿದರು. 1789ರ ಸಭೆಯಲ್ಲಿ ಕೂತ ಮೂರನೇ ವರ್ಗದ (ಪಾದ್ರಿಗಳೂ ಕುಲೀನರೂ ಅಲ್ಲದ ಉಳಿದವರ) ಪ್ರತಿನಿಧಿಗಳು ಯಾರ್ಯಾರು ಎಂದು ನೋಡಿದರೆ ವಕೀಲರು, ಸರ್ಕಾರಿ ಹುದ್ದೆಯವರೇ ಜಾಸ್ತಿ. ಕಾರ್ಖಾನೆಯವರು, ವ್ಯಾಪಾರಿಗಳು ಕಡಿಮೆ. ಹಾಗಾದರೆ ಇದು ಬಂಡವಾಳಗಾರರ ಕ್ರಾಂತಿ ಹೇಗಾಯಿತು? 1978ರಲ್ಲಿ ಫ್ರಾನ್ಸ್ವಾ ಫ್ಯೂರೆ ವರ್ಗದ ಲೆಕ್ಕವನ್ನೇ ಬಿಟ್ಟು, ಕ್ರಾಂತಿಯವರ ಮಾತು, ವಿಚಾರ, ರಾಜಕೀಯ ಸಂಸ್ಕೃತಿಯನ್ನು ನೋಡಬೇಕು ಎಂದರು. ಫ್ಯೂರೆ ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದು ಹೊರಬಂದವರು. ಅದನ್ನು ತಿಳಿದುಕೊಂಡು ಓದಿ, ಆದರೆ ಅಷ್ಟಕ್ಕೇ ಅವರ ವಾದವನ್ನು ತಳ್ಳಿಹಾಕಬೇಡಿ. ಬರೆದವರ ಹಿನ್ನೆಲೆ ಗೊತ್ತಾದ ಕೂಡಲೇ ವಾದ ಸುಳ್ಳಾಗುವುದಿಲ್ಲ, ಅಲ್ವಾ?

ಅದಕ್ಕೇ ಮುಂದಿನ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಇವರು ಯಾವ ಕಾಗದ ನೋಡಿದ್ದಾರೆ? ಟಾಕ್‌ವಿಲ್ ತೂರ್ ಪಟ್ಟಣದಲ್ಲಿ ಕೂತು ಹಳೆಯ ಆಡಳಿತದ ಕಡತ ಓದಿದ. ಲೆಫೆಬ್ರ್ ಉತ್ತರ ಫ್ರಾನ್ಸಿನ ರೈತರ ದಾಖಲೆಗಳಲ್ಲಿ ವರ್ಷಗಟ್ಟಲೆ ಮುಳುಗಿದ್ದರಿಂದಲೇ, ರೈತರಿಗೆ ಅವರದ್ದೇ ಆದ ಒಂದು ಕ್ರಾಂತಿ ಇತ್ತು, ಅದು ಪಟ್ಟಣದವರ ಬಾಲವಲ್ಲ ಎಂದು ತೋರಿಸಲು ಸಾಧ್ಯವಾಯಿತು. ನನಗೆ ತುಂಬಾ ಇಷ್ಟವಾದದ್ದು ಇತಿಹಾಸಕಾರ ಡೊನಾಲ್ಡ್ ಗ್ರೀರ್ ಅವರ ಕೆಲಸ. ಕ್ರಾಂತಿಯ ಸರ್ಕಾರ ವಿರೋಧಿಗಳನ್ನು ಕೊಲ್ಲಿಸಿದ 1793-94ರ ಭೀತಿಯ ಆಳ್ವಿಕೆ ಎಂದರೆ ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಹೋಗುವ ಶ್ರೀಮಂತರ ಚಿತ್ರವೇ ಕಣ್ಣಿಗೆ ಬರುತ್ತದೆ. ಗ್ರೀರ್ ಮರಣದಂಡನೆಯ ದಾಖಲೆಗಳನ್ನು ಕೂತು ಎಣಿಸಿ 1935ರಲ್ಲಿ ಪ್ರಕಟಿಸಿದರು. ಶಿಕ್ಷೆಗೆ ಗುರಿಯಾಗಿ ಸತ್ತವರು ಸುಮಾರು 17,000. ಅದರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ರೈತರು, ಕೂಲಿಗಳು, ಅಂಗಡಿಯವರು, ಹೀಗೆ ಮೂರನೇ ವರ್ಗದವರೇ. ಅದೂ ಅಂತರ್ಯುದ್ಧ ನಡೆದ ಪಶ್ಚಿಮ ಭಾಗದಲ್ಲಿ ಸತ್ತವರು ಬಹಳ. ಇದಾದ ಮೇಲೆ ಬಡವರು ಶ್ರೀಮಂತರನ್ನು ಕೊಂದರು ಎಂದು ಸುಮ್ನೆ ಬರೆದು ಮುಗಿಸಲು ಬರುವುದಿಲ್ಲ. ಎಲ್ಲರ ಅಭಿಪ್ರಾಯವೂ ಸಮ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಕೆಲವು ಮಾತು ದಾಖಲೆಯ ಮುಂದೆ ನಿಲ್ಲುವುದಿಲ್ಲ.

ಕೊನೆಗೆ, ಕತೆಯಲ್ಲಿ ಯಾರು ಇಲ್ಲ ಎಂದು ಕೇಳಿ. 1789ರ ಅಕ್ಟೋಬರ್ 5ರಂದು ರೊಟ್ಟಿಗಾಗಿ ದೊರೆಯ ಅರಮನೆ ಇದ್ದ ವರ್ಸೇಲ್ಸ್‌ಗೆ ನಡೆದವರು ಹೆಂಗಸರು. ಫ್ರಾನ್ಸಿನ ಕೈಯಲ್ಲಿದ್ದ ಕೆರಿಬಿಯನ್ ವಸಾಹತು ಸಾಂ ದೊಮಾಂಗ್‌ನಲ್ಲಿ 1791ರಲ್ಲಿ ಗುಲಾಮರು ಎದ್ದರು, 1804ರಲ್ಲಿ ಅದು ಹೈಟಿ ಎಂಬ ಸ್ವತಂತ್ರ ದೇಶವಾಯಿತು. ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್ 1938ರಲ್ಲಿ ಆ ಗುಲಾಮರನ್ನು ನಡುವೆ ನಿಲ್ಲಿಸಿ ಬರೆದರು. ಆಮೇಲೂ ಎಷ್ಟೋ ದಶಕ ಮುಖ್ಯ ಪುಸ್ತಕಗಳು ಅತ್ತ ತಿರುಗಿ ನೋಡಲಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈ ಪ್ರಶ್ನೆಗಳನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೇಲೇ ಹಾಕಿ ನೋಡಿ, ಬೇಗ ರೂಢಿಯಾಗುತ್ತದೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಆಮೇಲೆ ಅಂಕೋಲೆ, ಸಿದ್ದಾಪುರ ಕಡೆಯ ಕರನಿರಾಕರಣೆ ತೆಗೆದುಕೊಳ್ಳಿ. ಕರ ಕಟ್ಟದೆ ಜಮೀನು ಕಳೆದುಕೊಂಡವರ ಮನೆಯಲ್ಲಿ ಉಳಿದಿರುವ ನೆನಪು ಒಂದು ಥರ. ಸರ್ಕಾರಿ ಕಡತದ ಭಾಷೆ ಇನ್ನೊಂದು ಥರ. ಆಗ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು, ಹಾಗಾಗಿ ಕಡತ ಹುಡುಕುವವರು ಕಾರವಾರಕ್ಕೆ ನಿಲ್ಲದೆ ಮುಂಬಯಿಯನ್ನೂ ನೋಡಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬರೆದದ್ದನ್ನೂ ಈಚೆಗೆ ಬರೆದದ್ದನ್ನೂ ಅಕ್ಕಪಕ್ಕ ಇಡಿ. ನಾಯಕರ ಹೆಸರು ಎಷ್ಟಿವೆ, ಸಿದ್ದಾಪುರದ ಹೆಂಗಸರು ಎಷ್ಟು ಸಾಲಿನಲ್ಲಿ ಬರುತ್ತಾರೆ, ಗೇಣಿದಾರರು ಬರುತ್ತಾರೋ ಇಲ್ಲವೋ ಎಂದು ಗುರುತು ಹಾಕಿ. ಮನೆಯಲ್ಲಿ ಆ ಕಾಲದ ಮಾತು ಕೇಳಿ ಬಲ್ಲ ಅಜ್ಜ ಅಜ್ಜಿ ಇದ್ದರೆ ಈ ವಾರವೇ ಕೂತು ಕೇಳಿ, ತಾರೀಖು ಹಾಕಿ ಬರೆದಿಡಿ.